ಹಾರುವ ತಟ್ಟೆ: ಮುಚ್ಚಿಟ್ಟದ್ದು ನಿಜ, ಆದರೆ ಏನನ್ನು?

ಮಾನ್ಯ ಸಂಪಾದಕರೇ,

ಹಾರುವ ತಟ್ಟೆಗಳ ಬಗ್ಗೆ ಅಮೆರಿಕದ ವಾಯುಪಡೆ ನಡೆಸಿದ ತನಿಖೆ ಕುರಿತ ನಿಮ್ಮ ಬರಹ ಓದಿದೆ. ‘701 ಪ್ರಕರಣಗಳಿಗೆ ಇವತ್ತಿಗೂ ಉತ್ತರವಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಅಂಕಿ ಸರಿಯಾಗೇ ಇದೆ. ಆದರೆ ಎಷ್ಟರಲ್ಲಿ 701 ಅನ್ನುವುದೇ ಬಿಟ್ಟುಹೋಗಿದೆ. 1969ರಲ್ಲಿ ಆ ತನಿಖೆಯನ್ನು, ಅಂದರೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಅನ್ನು, ಮುಚ್ಚುವಾಗ ಕಡತದಲ್ಲಿದ್ದ ವರದಿಗಳು 12,618. ಅಂದರೆ ಉತ್ತರ ಸಿಗದವು ನೂರಕ್ಕೆ ಆರೂ ಇಲ್ಲ. ಅವುಗಳಲ್ಲೂ ಗೊತ್ತಾಗಲಿಲ್ಲ ಅಂದರೆ ಗೊತ್ತಾಗಲಿಲ್ಲ ಅಷ್ಟೇ. ಬೇರೆ ಗ್ರಹದವರು ಬಂದಿದ್ದರು ಅಂತಲ್ಲ.

ಸೇನೆ ಏನನ್ನೋ ಮುಚ್ಚಿಟ್ಟಿತು ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಮುಚ್ಚಿಟ್ಟದ್ದು ತನ್ನದೇ ಸಾಮಾನನ್ನು!

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಸ್ವೆಲ್ ಊರಿನ ವಿಷಯವನ್ನೇ ನೋಡಿ. 1947ರ ಜುಲೈನಲ್ಲಿ ‘ಹಾರುವ ತಟ್ಟೆ ಸಿಕ್ಕಿದೆ’ ಎಂದು ಪತ್ರಿಕೆಗಳಿಗೆ ಹೇಳಿದ್ದು ಸೇನೆಯವರೇ. ಮರುದಿನದ ಹೊತ್ತಿಗೆ ಅದು ಹವಾಮಾನದ ಬಲೂನ್ ಆಯಿತು. 1994ರಲ್ಲಿ ವಾಯುಪಡೆ ಮೂರನೆಯ ಉತ್ತರ ಕೊಟ್ಟಿತು: ಅದು ‘ಪ್ರಾಜೆಕ್ಟ್ ಮೊಗುಲ್’ನ ಬಲೂನ್. ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿದರೆ ಅದರ ಸದ್ದು ಹಿಡಿಯಲು ಆಕಾಶಕ್ಕೆ ಬಿಟ್ಟಿದ್ದ ಗುಟ್ಟಿನ ಸಾಧನ. ನಿಜ ಹೇಳಲು 47 ವರ್ಷ ತೆಗೆದುಕೊಂಡರೆ ಯಾರು ನಂಬುತ್ತಾರೆ?

ಇನ್ನೊಂದು ಯು-2 ಗೂಢಚಾರ ವಿಮಾನ. 1955ರಿಂದ ಅದು 60,000 ಅಡಿಗೂ ಮೇಲೆ ಹಾರತೊಡಗಿತು. ಆಗ ಪ್ರಯಾಣಿಕ ವಿಮಾನಗಳು ಅದರ ಮೂರನೇ ಒಂದು ಭಾಗದಷ್ಟು ಎತ್ತರವನ್ನೂ ದಾಟುತ್ತಿದ್ದುದು ಕಡಿಮೆ. ಸಂಜೆ ಕೆಳಗಿನ ಪೈಲಟ್‌ಗೆ ಸೂರ್ಯ ಮುಳುಗಿಯಾಗಿರುತ್ತಿತ್ತು. ಮೇಲಿದ್ದ ಯು-2ರ ಬೆಳ್ಳಿಬಣ್ಣದ ರೆಕ್ಕೆಗೆ ಮಾತ್ರ ಇನ್ನೂ ಬಿಸಿಲು ಬೀಳುತ್ತಿತ್ತು. ಕತ್ತಲಾಗುತ್ತಿರುವ ಆಕಾಶದಲ್ಲಿ ಬೆಂಕಿಯಂತೆ ಹೊಳೆಯುವ ವಸ್ತು ಕಂಡರೆ ಪಾಪ, ಆತ ವರದಿ ಮಾಡದೆ ಏನು ಮಾಡಿಯಾನು? ಬ್ಲೂ ಬುಕ್‌ನವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಳಿಯಿದ್ದ ಯು-2 ಹಾರಾಟದ ದಾಖಲೆ ತಾಳೆ ನೋಡಿ ಉತ್ತರ ಕಂಡುಕೊಳ್ಳುತ್ತಿದ್ದರು. ಆದರೆ ಅದನ್ನು ಹೊರಗೆ ಹೇಳುವ ಹಾಗಿರಲಿಲ್ಲ. ಮಂಜಿನ ಹರಳು, ಗಾಳಿಯ ಉಷ್ಣತೆಯ ಏರುಪೇರು ಅಂತ ಏನಾದರೂ ಹೇಳಿ ಕಳಿಸಬೇಕಿತ್ತು.

ಸುಮ್ನೆ ಒಂದು ಉತ್ತರ ಕೊಟ್ಟು ಸಾಗಹಾಕುವ ಈ ಚಾಳಿಗೆ ವಿಜ್ಞಾನಿಗಳೂ ಸಿಕ್ಕಿಬಿದ್ದರು. 1966ರಲ್ಲಿ ಮಿಷಿಗನ್‌ನಲ್ಲಿ ಬೆಳಕು ಕಂಡಾಗ ಬ್ಲೂ ಬುಕ್‌ನ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಅದು ಜೌಗು ನೆಲದಲ್ಲಿ ಕೊಳೆತ ಗಿಡಗಂಟಿಯಿಂದ ಏಳುವ ಅನಿಲ ಇರಬಹುದು ಎಂದರು. ದೇಶವೇ ನಕ್ಕಿತು. ಆ ರಾಜ್ಯದ ಸಂಸದ ಜೆರಾಲ್ಡ್ ಫೋರ್ಡ್, ಮುಂದೆ ಅಧ್ಯಕ್ಷರಾದವರು, ಸಂಸತ್ತಿನಲ್ಲಿ ವಿಚಾರಣೆಯಾಗಲಿ ಎಂದು ಪಟ್ಟು ಹಿಡಿದರು. ವಾಯುಪಡೆಯ ತನಿಖೆಯ ರೀತಿಯನ್ನು ಹೈನೆಕ್ ಅವರೇ ಆಮೇಲೆ ಕಟುವಾಗಿ ಟೀಕಿಸಿದರು.

ಗುಟ್ಟು ಕಾಯುವವರ ಕೈಗೇ ತನಿಖೆಯನ್ನೂ ಕೊಟ್ಟರೆ ಹೀಗೇ ಆಗುವುದು, ಅಲ್ವಾ? ಫ್ರಾನ್ಸ್ 1977ರಲ್ಲೇ ಈ ಕೆಲಸವನ್ನು ತನ್ನ ಬಾಹ್ಯಾಕಾಶ ಸಂಸ್ಥೆಗೆ ವಹಿಸಿತು. 2007ರಲ್ಲಿ ಕಡತಗಳನ್ನು ಎಲ್ಲರ ಮುಂದಿಟ್ಟಿತು. ಲಡಾಖ್ ಗಡಿಯಲ್ಲಿ ಬೆಳಕುಗಳು ಕಂಡು ನಮ್ಮ ಸೇನೆ ಚೀನಾದ ಡ್ರೋನ್ ಇರಬಹುದೆಂದು ಶಂಕಿಸಿದಾಗಲೂ ಖಗೋಳ ವಿಜ್ಞಾನಿಗಳನ್ನು ಕೇಳಿತು. ಅವರು ಲೆಕ್ಕ ಹಾಕಿ ಹೇಳಿದ್ದು ಎರಡೇ ಹೆಸರು: ಶುಕ್ರ, ಗುರು.

ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ 2024ರ ಮಾರ್ಚ್‌ನಲ್ಲಿ ಹಳೆಯ ತನಿಖೆಗಳನ್ನೆಲ್ಲ ಮರುಪರಿಶೀಲಿಸಿ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಸಿಗಲಿಲ್ಲ ಎಂದು ವರದಿ ಕೊಟ್ಟಿದೆ. ನಿಮ್ಮ ಬರಹದಲ್ಲಿ ಅದರ ಸುದ್ದಿಯೇ ಇಲ್ಲ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಮುಂದಿನ ಸಲ 701 ಎಂದು ಅಚ್ಚು ಹಾಕುವಾಗ, ದಯವಿಟ್ಟು 12,618 ಅನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಇತಿ,
ನಿಮ್ಮ ಓದುಗ