ಬುಧವಾರದ ಪ್ರಾರ್ಥನಾ ಕೂಟ: ದಯವಿಟ್ಟು ಗಮನಿಸಿ

ಸಭೆಯ ಎಲ್ಲರಿಗೂ ವಂದನೆಗಳು. ಪೇತ್ರನು ಸೆರೆಯಲ್ಲಿದ್ದಾಗ ಸಭೆಯವರು ಅವನಿಗೋಸ್ಕರವೇ ಆಸಕ್ತಿಯಿಂದ ಪ್ರಾರ್ಥಿಸಿದರು (ಬೈಬಲಿನ ಅಪೊಸ್ತಲರ ಕೃತ್ಯಗಳು 12:5). ನಾವೋ "ಎಲ್ಲಾ ರೋಗಿಗಳನ್ನೂ ಮುಟ್ಟು ಕರ್ತನೇ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಅದಕ್ಕೇ ಪ್ರಾರ್ಥನಾ ವಿಷಯಗಳನ್ನು ಮಂಗಳವಾರ ರಾತ್ರಿ 8ರೊಳಗೆ ಈ ಗುಂಪಿನಲ್ಲಿ ಹಾಕಿ: ಯಾರಿಗಾಗಿ, ಏನು, ಯಾವತ್ತು. "ಅತ್ತೆಗೆ ಶುಕ್ರವಾರ ಕಣ್ಣಿನ ಆಪರೇಷನ್" ಅಂದರೆ ಸಾಕು. ರಿಪೋರ್ಟಿನ ಫೋಟೋ, ಮನೆಜಗಳ ಬೇಡ. ಅವನ್ನು ಸಭಾಪಾಲಕರಿಗೆ ನೇರವಾಗಿ ತಿಳಿಸಿ. ಬೇರೆಯವರ ಕಾಯಿಲೆ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ.

ಕೂಟ 7ಕ್ಕೆ. ಕೀರ್ತನೆ, ವಾಕ್ಯ ಸೇರಿ 15 ನಿಮಿಷ. ಉಳಿದ 30 ನಿಮಿಷ ಪ್ರಾರ್ಥನೆಗೇ. ಒಬ್ಬರು ಒಂದೇ ವಿಷಯ, ಎರಡು ನಿಮಿಷ. ಪ್ರಾರ್ಥನೆ ಪ್ರಸಂಗವಾಗಿಬಿಟ್ಟರೆ ಹೊಸಬರು ಬಾಯೇ ತೆರೆಯುವುದಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿ, ಹಿಂದಿನ ಬೆಂಚಿಗೆ ಕೇಳದಿದ್ದರೆ ಅವರು ಯಾವುದಕ್ಕೆ ಆಮೆನ್ ಅನ್ನಬೇಕು? ಅರ್ಥವಾಗದ್ದಕ್ಕೆ ಆಮೆನ್ ಹೇಗೆಂದು ಪೌಲನೂ ಕೇಳುತ್ತಾನೆ (1 ಕೊರಿಂಥ 14:16).

ಅಂದಹಾಗೆ, ಗುಂಪಿನಲ್ಲಿ ಕೈಮುಗಿದ ಚಿತ್ರ ಒತ್ತಿದರೆ ಪ್ರಾರ್ಥನೆ ಮಾಡಿದ ಹಾಗಲ್ಲ. ಉತ್ತರ ಸಿಕ್ಕಿದರೆ ಅದನ್ನೂ ಹಾಕಿ, ಕೂಟ ಸ್ತೋತ್ರದಿಂದಲೇ ಶುರುವಾಗಲಿ. ಹಾಸಿಗೆ ಹಿಡಿದವರಿಗೆ ಸಭೆಯ ಹಿರಿಯರು ಬಂದು ಪ್ರಾರ್ಥಿಸಬೇಕಿದ್ದರೆ (ಯಾಕೋಬ 5:14) ಶನಿವಾರದೊಳಗೆ ಹೇಳಿಕಳಿಸಿ, ಭಾನುವಾರ ಆರಾಧನೆ ಮುಗಿಸಿ ಬರುತ್ತೇವೆ.