ಮಗಳಿಗೊಂದು ಪತ್ರ: ಯಾವ ರೂಲ್‌ನಲ್ಲಿ ಅಂತ ಮೊದಲು ಕೇಳು

ಪ್ರೀತಿಯ ಪುಟ್ಟಿ,

ನಿಮ್ಮ ಕಾಲೇಜಿನ ಮ್ಯಾಟ್ ಮೇಲೆ ಕರಾಟೆ, ಟೇಕ್ವಾಂಡೋ, ಜೂಡೋ, ಜಿಯು-ಜಿತ್ಸು ಎಲ್ಲದರವರೂ ಇದ್ದಾರೆ, ಜೊತೆಗೆ ಗರಡಿಯಲ್ಲಿ ಬೆಳೆದ ಒಬ್ಬ ಪೈಲ್ವಾನನೂ ಇದ್ದಾನೆ ಅಂದೆ. "ಅರ್ಧ ಗಂಟೆ ಪ್ರಾಕ್ಟೀಸು, ಒಂದು ಗಂಟೆ ಜಗಳ" ಅಂತಲೂ ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಟೇಕ್ವಾಂಡೋ ಹುಡುಗಿ ಕೈ ಕೆಳಗೆ ಬಿಟ್ಟು ನಿಂತಳು, "ಮುಖಕ್ಕೆ ಒಂದು ಬಿದ್ದರೆ ಗೊತ್ತಾಗುತ್ತೆ" ಅಂತ ನಿಮ್ಮ ಕರಾಟೆ ಕಡೆಯವರು ನಕ್ಕರು ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಒಲಿಂಪಿಕ್ಸ್‌ನಲ್ಲಿ ಆಡುವ ಟೇಕ್ವಾಂಡೋದಲ್ಲಿ ಮುಖಕ್ಕೆ ಪಂಚ್ ಹೊಡೆಯುವಂತೆಯೇ ಇಲ್ಲ. ಚೆಸ್ಟ್ ಗಾರ್ಡ್ ಮೇಲೆ ಪಂಚ್‌ಗೆ 1 ಪಾಯಿಂಟ್, ಅದೇ ಜಾಗಕ್ಕೆ ಕಿಕ್‌ಗೆ 2, ತಲೆಗೆ ಕಿಕ್‌ಗೆ 3, ತಿರುಗಿ ಹೊಡೆದರೆ ಇನ್ನೂ ಹೆಚ್ಚು. ಇಂಥ ಲೆಕ್ಕದಲ್ಲಿ ವರ್ಷಗಟ್ಟಲೆ ಆಡಿದವಳಿಗೆ ಮೂಗಿನ ಮುಂದೆ ಕೈ ಕಟ್ಟಿಕೊಂಡು ನಿಲ್ಲುವ ಅಗತ್ಯವೇ ಬಿದ್ದಿಲ್ಲ. ಕರಾಟೆ ಟೂರ್ನಮೆಂಟಿನಲ್ಲಿ ತಲೆಗಾಗಲಿ ಹೊಟ್ಟೆಗಾಗಲಿ ಪಂಚ್‌ಗೆ 1, ಹೊಟ್ಟೆಗೆ ಕಿಕ್‌ಗೆ 2, ತಲೆಗೆ ಕಿಕ್‌ಗೆ 3. ಆದರೆ ಏಟು ಹಿಡಿತದಲ್ಲಿರಬೇಕು, ಮುಖಕ್ಕೆ ಜೋರಾಗಿ ಬಿದ್ದರೆ ನಿನಗೇ ದಂಡ. ಅದಕ್ಕೇ ನೀನು ದೂರ ನಿಂತು, ಒಮ್ಮೆ ನುಗ್ಗಿ, ಹೊಡೆದು, ಹಿಂದೆ ಸರಿಯುತ್ತೀಯ. ಅವಳ ಕಣ್ಣಿಗೆ ಅದು ಮುಟ್ಟಿ ಓಡುವ ಆಟ. ಇಬ್ಬರನ್ನೂ ಕರಾಟೆಯದೇ ಇನ್ನೊಂದು ಶೈಲಿಯಾದ ಕ್ಯೊಕುಶಿನ್‌ನವರ ಎದುರು ನಿಲ್ಲಿಸಿದರೆ ಅವರೂ ನಗಬಹುದು, ಯಾಕೆಂದರೆ ಅವರು ಎದೆ, ಹೊಟ್ಟೆ, ತೊಡೆಗೆ ಪೂರ್ತಿ ಬಲದಿಂದ ಹೊಡೆಯುತ್ತಾರೆ. ಅವರಲ್ಲೂ ಮುಖಕ್ಕೆ ಪಂಚ್ ಇಲ್ಲ ಅನ್ನುವುದು ಆಗ ಯಾರಿಗೂ ನೆನಪಿರುವುದಿಲ್ಲ.

ನೆಲದ ಮೇಲೆ ಈ ಗೊಂದಲ ಇನ್ನೂ ಜಾಸ್ತಿ. ಪೈಲ್ವಾನನಿಗೆ ಬೆನ್ನು ಮಣ್ಣಿಗೆ ತಾಗಿತೋ, ಚಿತ್, ಆಟ ಮುಗಿಯಿತು. ಹಾಗಾಗಿ ಬಿದ್ದ ಕೂಡಲೇ ಹೊಟ್ಟೆ ಕೆಳಗಾಗುವಂತೆ ತಿರುಗಿಕೊಳ್ಳುತ್ತಾನೆ. ಜೂಡೋದವರೂ ಹಾಗೇ ತಿರುಗುತ್ತಾರೆ, ಬೆನ್ನ ಮೇಲೆ 20 ಸೆಕೆಂಡು ಒತ್ತಿ ಹಿಡಿದರೆ ಎದುರಾಳಿಗೆ ಇಪ್ಪೊನ್, ಅಂದರೆ ಪೂರ್ತಿ ಗೆಲುವು, ಹೋಗುತ್ತದೆ. ಜಿಯು-ಜಿತ್ಸುವಿನಲ್ಲಿ ಬೆನ್ನ ಮೇಲೆ ಮಲಗಿ, ಕಾಲುಗಳ ನಡುವೆ ಎದುರಾಳಿಯನ್ನು ಹಿಡಿದು ಆಡುವುದೇ ಒಂದು ದೊಡ್ಡ ವಿದ್ಯೆ. ಅಲ್ಲಿ ಹೊಟ್ಟೆಯಡಿ ತಿರುಗಿದವನ ಬೆನ್ನು ಹತ್ತಿದವನಿಗೆ 4 ಪಾಯಿಂಟ್, ಆಮೇಲೆ ಹಿಂದಿನಿಂದ ಕತ್ತಿಗೆ ಪಟ್ಟು. ಈಗ ಪೈಲ್ವಾನ, ಜಿಯು-ಜಿತ್ಸುವಿನವ ಇಬ್ಬರನ್ನೂ ಮಾತಿಲ್ಲದೆ ಮ್ಯಾಟಿಗೆ ಬಿಟ್ಟರೆ ಏನಾಗುತ್ತದೆ? ಪೈಲ್ವಾನ ಚಿತ್ ಮಾಡಿ ಎದ್ದು ನಿಲ್ಲುತ್ತಾನೆ, ಕೆಳಗಿದ್ದವನು "ನಾನಿನ್ನೂ ಶುರುವೇ ಮಾಡಿಲ್ಲ" ಅನ್ನುತ್ತಾನೆ. ಸುಳ್ಳು ಹೇಳಿದವರು ಯಾರೂ ಇಲ್ಲ. ಆದ್ದರಿಂದ "ಅದು ನಡೆಯಲ್ಲ" ಅಂತ ಬಾಯಿಗೆ ಬಂದಾಗಲೆಲ್ಲ "ಯಾವ ರೂಲ್‌ನಲ್ಲಿ?" ಅಂತ ನಿನ್ನನ್ನೇ ಒಮ್ಮೆ ಕೇಳಿಕೋ.

ಕರಾಟೆಯವರ ಒಳಜಗಳ ಮಾತ್ರ ನನಗೆ ಹೆಚ್ಚು ಬೇಸರ ತರುವಂಥದ್ದು. ನಿನ್ನ ಹೆಯಾನ್ ಶೊದಾನ್ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ನೋಡಿ ಶಿತೊ-ರ್ಯು ಶೈಲಿಯ ಹುಡುಗ "ಇದು ಪಿನಾನ್ ನಿದಾನ್, ಅದೂ ತಪ್ಪಾಗಿದೆ" ಅಂದನಂತೆ. ಮೊದಲರ್ಧ ಸರಿ. ಐದೂ ಪಿನಾನ್ ಕಟಾಗಳನ್ನು ರೂಪಿಸಿದವರು ಓಕಿನಾವಾದ ಅಂಕೊ ಇತೊಸು. ನಮ್ಮ ಶೈಲಿಯಾದ ಶೊಟೊಕಾನ್‌ನ ಗಿಚಿನ್ ಫುನಾಕೋಶಿ ಅವುಗಳಿಗೆ ಹೆಯಾನ್ ಅಂತ ಹೆಸರಿಟ್ಟು, ಮೊದಲೆರಡನ್ನು ಅದಲುಬದಲು ಮಾಡಿದರು. ಶಿತೊ-ರ್ಯು, ವಾಡೊ-ರ್ಯುಗಳಲ್ಲಿ ಹಳೆಯ ಕ್ರಮವೇ ಉಳಿಯಿತು. ನಮ್ಮ ಹೆಯಾನ್ ನಿದಾನ್‌ನಲ್ಲಿ ಪಕ್ಕಕ್ಕೆ ಹೊಡೆಯುವ ಕಿಕ್ ಇದೆ, ಅವರಲ್ಲಿ ಅದೇ ಜಾಗದಲ್ಲಿ ಮುಂದಕ್ಕೆ ಹೊಡೆಯುವ ಮಾಯೆ ಗೆರಿ. ನಾವು ಹಿಂಗಾಲಿನ ಮೇಲೆ ನೂರಕ್ಕೆ ಸುಮಾರು 70 ಭಾಗ ತೂಕ ಹಾಕಿ ಕೊಕುತ್ಸು ದಾಚಿಯಲ್ಲಿ ನಿಲ್ಲುವ ಕಡೆ ಅವರು ನೆಕೊ ಆಶಿಯಲ್ಲಿ 90 ಭಾಗ ಹಿಂದೆ ಹಾಕಿ, ಮುಂಗಾಲ ಬೆರಳಷ್ಟನ್ನೇ ನೆಲಕ್ಕೆ ತಾಗಿಸುತ್ತಾರೆ. ಹೀಗಿರುವಾಗ ಅವನ ಕಟಾ ನೋಡಿ ನೀನು "ನಿನ್ನ ಸ್ಟಾನ್ಸ್ ಚಿಕ್ಕದು" ಅಂದರೆ ಅದು ತಿದ್ದುಪಡಿಯಲ್ಲ, ನಿನ್ನ ಅಜ್ಞಾನ. ಅವನು ತನ್ನ ನೆಕೊ ಆಶಿಯಲ್ಲಿ ಮುಂಗಾಲಿಗೆ ತೂಕ ಬಿಟ್ಟಿದ್ದರೆ ಅದು ಅವನ ಸ್ಟೈಲ್ ಪ್ರಕಾರವೇ ತಪ್ಪು, ಅದನ್ನು ಹೇಳಬಹುದು, ಅವನು ಕೇಳಿದರೆ.

ಪರಂಪರೆ ತೆಗೆದು ಹೊಡೆದಾಡುವವರಿಗೆ ಆ ಪರಂಪರೆಯೇ ಉತ್ತರ. ಶಿತೊ-ರ್ಯು ಕಟ್ಟಿದ ಕೆನ್ವಾ ಮಬುನಿ ಎರಡು ಬೇರೆ ಧಾರೆಯ ಇಬ್ಬರು ಗುರುಗಳ ಹತ್ತಿರ ಕಲಿತವರು. ವಾಡೊ-ರ್ಯುವಿನ ಒತ್ಸುಕಾ ಮೊದಲು ಜುಜುತ್ಸುವಿನವರು, ಆಮೇಲೆ ಫುನಾಕೋಶಿಯವರ ಶಿಷ್ಯ. ಫುನಾಕೋಶಿಯವರನ್ನು 1922ರಲ್ಲಿ ತಮ್ಮ ಜೂಡೋ ಶಾಲೆ ಕೊಡೊಕಾನ್‌ಗೆ ಕರೆಸಿ ಕರಾಟೆ ತೋರಿಸಿ ಅಂದವರು ಜೂಡೋದ ಜಿಗೊರೊ ಕಾನೊ. ನಿನ್ನ ಸೊಂಟದ ಬೆಲ್ಟ್ ಪದ್ಧತಿ ಕೂಡ ಜೂಡೋದಿಂದ ಬಂದದ್ದು. ಬ್ರೆಜಿಲ್‌ನ ಜಿಯು-ಜಿತ್ಸುವಿಗೆ ಬೀಜ ಹಾಕಿದ ಮಾಯೆದಾ ಕೊಡೊಕಾನ್‌ನ ಜೂಡೋ ಪಟು.

ಇನ್ನು ಮಾತಿನ ರೀತಿ. "ನಿಮ್ಮಲ್ಲಿ ಹೀಗ್ಯಾಕೆ ಮಾಡ್ತಾರೆ?" ಅನ್ನುವುದನ್ನೇ ಹುಬ್ಬು ಏರಿಸಿ ಕೇಳಿದರೆ ಅದು ಕೊಂಕು. "ಇದು ಎಷ್ಟು ದೂರದಲ್ಲಿ ಕೆಲಸ ಮಾಡುತ್ತೆ? ಎದುರಿನವರು ಏನು ಮಾಡ್ತಿರ್ತಾರೆ?" ಅಂತ ಕೇಳು, ಮಾತು ತಾಂತ್ರಿಕವಾಗುತ್ತದೆ. ಒಬ್ಬಳಲ್ಲಿ ಕಂಡ ತಪ್ಪನ್ನು "ಟೇಕ್ವಾಂಡೋದವರೆಲ್ಲ" ಅಂತ ಎಳೆಯಬೇಡ. "ಬೀದಿ ಜಗಳದಲ್ಲಿ ಇದು ಬರಲ್ಲ" ಅನ್ನುವ ವಾದಕ್ಕೆ ಇಳಿಯಲೇಬೇಡ, ಅಲ್ಲಿ ಎಲ್ಲರೂ ತಮಗೆ ಬೇಕಾದ ಬೀದಿಯನ್ನು ಕಲ್ಪಿಸಿಕೊಂಡಿರುತ್ತಾರೆ. ಬೇರೆಯವರ ಗುರುಗಳನ್ನು ಅವರ ಶಿಷ್ಯರು ಹೇಗೆ ಕರೆಯುತ್ತಾರೋ ಹಾಗೇ ಕರೆ: ಸೆನ್ಸೈ, ಸಬೊಮ್, ಪ್ರೊಫೆಸರ್, ಉಸ್ತಾದ್, ಕಳರಿಯಾದರೆ ಗುರುಕ್ಕಳ್. ಆ ಪೈಲ್ವಾನ ನಿನಗಿಂತ ದೊಡ್ಡವನಾದರೆ ಅಣ್ಣ ಅನ್ನು, ಅದರಿಂದ ನಿನ್ನ ಬ್ಲ್ಯಾಕ್ ಬೆಲ್ಟ್ ಬಣ್ಣ ಬಿಡುವುದಿಲ್ಲ.

ಮಾತಿನಲ್ಲಿ ಬಗೆಹರಿಯದ್ದನ್ನು ಮಾಡಿ ನೋಡಿ, ಆದರೆ ಸ್ಪಾರಿಂಗ್ ಮಾಡಿ ಅಲ್ಲ. ಒಂದು ಸುತ್ತು ಸ್ಪಾರಿಂಗ್‌ನಲ್ಲಿ ಯಾರ ತೂಕ ಹೆಚ್ಚು, ಯಾರ ಅನುಭವ ಹೆಚ್ಚು ಅನ್ನುವುದಷ್ಟೇ ಗೊತ್ತಾಗುವುದು. ವಾದವನ್ನು ಒಂದೇ ಸಾಲಿಗೆ ಇಳಿಸಿ. ಉದಾಹರಣೆಗೆ, ಉದ್ದ ಜೆನ್‌ಕುತ್ಸು ದಾಚಿಯಲ್ಲಿ (ಮುಂಗಾಲು ಮಡಿಸಿ, ಹಿಂಗಾಲು ಚಾಚಿದ ನಿಲುವು) ನಿಂತರೆ ತೊಡೆಗೆ ಬರುವ ಕಿಕ್ ತಡೆಯಲಾಗದು. ಇಬ್ಬರೂ ಶಿನ್ ಗಾರ್ಡ್ ಹಾಕಿ. ಎದುರಿನವನು ಯಾವಾಗ ಅಂತ ಹೇಳದೆ, ಹಗುರವಾಗಿ 10 ಕಿಕ್ ಹೊಡೆಯಲಿ. ನೀನು ಮುಂಗಾಲು ಎತ್ತಿ ಎಷ್ಟು ತಡೆದೆ ಅಂತ ಮೂರನೆಯವರು ಎಣಿಸಲಿ. ಚಿಕ್ಕ ಸ್ಟಾನ್ಸಿನಲ್ಲಿ ಮತ್ತೆ 10. ಪಾತ್ರ ಬದಲಿಸಿ ಅಷ್ಟೂ ಇನ್ನೊಮ್ಮೆ. ಕೊನೆಗೆ ಉದ್ದ ಸ್ಟಾನ್ಸಿನವಳಿಗೆ ಗ್ಯಾಕು ಜುಕಿಯಲ್ಲಿ (ಹಿಂದಿನ ಕೈಯ ಪಂಚ್) ನುಗ್ಗುವ ಅವಕಾಶ ಕೊಟ್ಟು 10. ಮುಂಗಾಲ ಮೇಲೆ ಸುಮಾರು 60 ಭಾಗ ತೂಕ ಇರುವುದರಿಂದ ಅದನ್ನು ಹಿಂದಕ್ಕೆ ಹಾಕದೆ ಕಾಲು ಏಳದು, ತಡೆಯುವುದು ತಡವಾಗುತ್ತದೆ. ಅದೇ ನಿಲುವಿನಿಂದ ನುಗ್ಗುವ ದೂರ ಮಾತ್ರ ಹೆಚ್ಚು. ಇಷ್ಟು ಮಾಡಿದ ಮೇಲೆ "ನಿಮ್ಮ ಸ್ಟೈಲು" ಅನ್ನುವ ಮಾತು ತಾನಾಗಿ ನಿಂತು, ತೂಕ ಎಲ್ಲಿರಬೇಕು ಅನ್ನುವ ಚರ್ಚೆ ಶುರುವಾಗುತ್ತದೆ.

ಸ್ಪಾರಿಂಗ್ ಮಾಡುವಾಗ ಕೈ ಮುಟ್ಟಿಸುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ: ತಲೆಗೆ ಹೊಡೆಯುವುದುಂಟೋ ಇಲ್ಲವೋ, ಎತ್ತಿ ಹಾಕುವುದುಂಟೋ, ಕತ್ತು ಮತ್ತು ಕೀಲಿನ ಪಟ್ಟು ಉಂಟೋ, ಬಲ ಎಷ್ಟು, ಎಷ್ಟು ನಿಮಿಷ. ಹೊಸಬರ ಜೊತೆ 2 ನಿಮಿಷ, ಮೂರನೇ ಒಂದು ಭಾಗ ಬಲ ಸಾಕು. ಬಲ ಏರುವುದು ದ್ವೇಷದಿಂದಲ್ಲ. ತಾನು ಕೊಟ್ಟ ಏಟು ತನಗೆ ಹಗುರ, ತಿಂದದ್ದು ಭಾರ ಅನ್ನಿಸುವುದರಿಂದ ಇಬ್ಬರೂ ಸಮ ಮಾಡುತ್ತಾ ಹೋಗುತ್ತಾರೆ. ನಡುವೆ ನಿಲ್ಲಿಸಿ "ಸ್ವಲ್ಪ ಜೋರಾಯ್ತು, ಇಳಿಸೋಣ" ಅನ್ನು. ಬೀಳುವುದನ್ನು ಕಲಿಯದ ಕರಾಟೆಯವರನ್ನು ಜೂಡೋದವರು ಎಸೆದರೆ, ಬೀಳುವವರು ಕೈ ಊರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಜೂಡೋದಲ್ಲಿ ಕೀಲಿನ ಪಟ್ಟು ಮೊಣಕೈಗೆ ಮಾತ್ರ, ಹಾಗಾಗಿ ಹಿಮ್ಮಡಿ ಹಿಡಿದು ತಿರುಚುವ ಹೀಲ್ ಹುಕ್ ಅವರಿಗೆ ಗುರುತೇ ಸಿಗದು, ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹೋಗಿರಬಹುದು. ಅದನ್ನು ಬೇಡ ಅನ್ನು, ಸಂಕೋಚ ಬೇಡ. ಟ್ಯಾಪ್ ಅಂದರೆ ಸೋತೆ, ಬಿಡು ಅಂತ ಎದುರಿನವರ ಮೈಮೇಲೆ ಎರಡು ಸಲ ತಟ್ಟುವುದು. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲೇ ಕೂಗು.

ಗೌರವ ಅಂದರೆ ಎಲ್ಲಕ್ಕೂ ತಲೆಯಾಡಿಸುವುದಲ್ಲ. ಮುಟ್ಟದೆಯೇ ಬೀಳಿಸುತ್ತೇನೆ ಅನ್ನುವವರನ್ನು, ಚಾಕು ಕಿತ್ತುಕೊಳ್ಳುವುದನ್ನು ಒಂದೇ ದಿನದಲ್ಲಿ ಕಲಿಸುತ್ತೇನೆ ಅನ್ನುವವರನ್ನು ನಂಬಿ ಹೊಸ ಹುಡುಗಿಯರು ಮೋಸ ಹೋಗುತ್ತಿದ್ದರೆ ಆ ಹುಡುಗಿಯರಿಗೆ ನೇರವಾಗಿ ಹೇಳು. ಹೆಣ್ಣುಮಕ್ಕಳು ಮಟ್ಟಿಗೆ (ಕುಸ್ತಿಯ ಮಣ್ಣಿನ ಅಖಾಡಕ್ಕೆ) ಇಳಿಯಬಾರದು ಅನ್ನುವ ಗರಡಿಗೆ ಹೋದರೆ ಹೊರಗೇ ಚಪ್ಪಲಿ ಬಿಟ್ಟು ನಿಂತು ನೋಡು, ಆಮೇಲೆ "ಯಾಕೆ ಬಾರದು?" ಅಂತ ಕೇಳಿಯೇ ಬಾ. ಪಟ್ಟಿನ ನೆಪದಲ್ಲಿ ಯಾರಾದರೂ ಕೈ ಆಡಿಸಿದರೆ ಅದು ಸ್ಟೈಲ್ ಭಿನ್ನಾಭಿಪ್ರಾಯವಲ್ಲ. ಅಲ್ಲೇ ನಿಲ್ಲಿಸಿ, ಕೋಚ್‌ಗೂ ಹೇಳು, ನನಗೂ ಹೇಳು.

ಜೂಡೋ ಕ್ಲಾಸಿಗೆ ಒಮ್ಮೆ ಹೋಗಬೇಕು ಅಂದೆ. ಹೋಗು. ಯಾವ ಬೆಲ್ಟ್ ಕಟ್ಟಲಿ ಅಂತ ಮೊದಲೇ ಕೇಳು, ಗೊತ್ತಾಗದಿದ್ದರೆ ಬಿಳಿಯದೇ ಕಟ್ಟು. ಕಾಲು, ಕೈ ಎರಡರ ಉಗುರೂ ಕತ್ತರಿಸು, ತಲೆಗೆ ಪಿನ್ ಬೇಡ, ರಬ್ಬರ್ ಬ್ಯಾಂಡ್ ಸಾಕು. ನಿನ್ನ ಕರಾಟೆ ಗಿ (ಅಭ್ಯಾಸದ ಬಟ್ಟೆ) ತೆಳು, ಕಾಲರ್ ಹಿಡಿದು ಎಳೆದರೆ ಮೊದಲ ದಿನವೇ ಹರಿಯುತ್ತದೆ. ಅಲ್ಲೇ ಯಾರದಾದರೂ ಹಳೆಯ ಜೂಡೋ ಗಿ ಕೇಳಿ ಹಾಕಿಕೋ, ಒಗೆದು ವಾಪಸ್ ಕೊಡು.

ಇಂತಿ,
ಅಮ್ಮ