ಬಾಣಂತಿಯ ರಕ್ತ ಏರದಿದ್ದರೆ ಗೋಧಿಯ ಕಡೆಗೂ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹೆರಿಗೆಯಾಗಿ ಐದಾರು ತಿಂಗಳಾದರೂ ರಕ್ತ ಏರುತ್ತಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಒಂದು ಬಾಯಿಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತದೆ, ಮೈಯಲ್ಲಿ ತ್ರಾಣವಿಲ್ಲ. ಹೀಗೆಂದರೆ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ‘ಬಾಣಂತನ ಸರಿಯಾಗಿ ಆಗಿಲ್ಲ, ನಂಜಾಗಿದೆ’ ಎಂಬುದು. ಹೆಚ್ಚಿನವರಲ್ಲಿ ಹೆರಿಗೆಯ ರಕ್ತಸ್ರಾವ, ನಿದ್ದೆಗೇಡು, ಸಾಲದ ಊಟವೇ ಕಾರಣವಾಗಿರುವುದು ನಿಜ. ಆದರೆ ಮಾತ್ರೆ ತಪ್ಪದೆ ನುಂಗಿದ ಮೇಲೂ ಹಿಮೋಗ್ಲೋಬಿನ್ ಕದಲದಿದ್ದರೆ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ನೋಡಲೇಬೇಕು. ಇದು ಬಾಣಂತಿಯರ ಮನೆಯವರಿಗೂ ವೈದ್ಯರಿಗೂ ಮುಟ್ಟಲಿ ಎಂದು ಈ ಪತ್ರ.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವ ಹೀರುವ ಒಳಪದರ ಸವೆದು ಚಪ್ಪಟೆಯಾಗುತ್ತದೆ. ಪೆಟ್ಟು ಮೊದಲು ಬೀಳುವುದು ಕರುಳಿನ ಮೇಲ್ಭಾಗಕ್ಕೆ, ಕಬ್ಬಿಣಾಂಶ ರಕ್ತಕ್ಕೆ ಸೇರುವುದೂ ಅಲ್ಲಿಂದಲೇ. ನುಂಗಿದ ಮಾತ್ರೆ ಮೈಗೆ ಹತ್ತದಿರುವುದು ಇದಕ್ಕೇ.

‘ಅದು ಚಪಾತಿ ತಿನ್ನುವ ಉತ್ತರದವರ ಕಾಯಿಲೆ’ ಎಂಬ ಮಾತಿದೆ. 2016ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ಶೇ 1.23ರಷ್ಟು, ದಕ್ಷಿಣದಲ್ಲಿ ಶೇ 0.10ರಷ್ಟು ಜನರ ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಕಂಡುಬಂದವು. ಆದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ದಕ್ಷಿಣದಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಇರುವುದು ಅದೇ ಅಧ್ಯಯನದಲ್ಲಿ ಗೊತ್ತಾಯಿತು. ದೊಡ್ಡ ವ್ಯತ್ಯಾಸ ಇದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ಮುದ್ದೆ, ಅನ್ನ, ಜೋಳದ ರೊಟ್ಟಿಯ ಮನೆಗಳಿಗೆ ಈಗ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ರಾತ್ರಿ ಚಪಾತಿ, ಮಕ್ಕಳ ಹೆಸರಿನಲ್ಲಿ ಬನ್ನು ಬಿಸ್ಕತ್ತು ಬಂದಿವೆ. ನಮ್ಮಲ್ಲಿ ಅಪರೂಪ ಎಂದು ಪರೀಕ್ಷೆಯನ್ನೇ ಮಾಡದಿರುವುದು ಸರಿಯಲ್ಲ.

ವಯಸ್ಸಿನೊಂದಿಗೆ ಇದರ ಲಕ್ಷಣಗಳೂ ಬದಲಾಗುತ್ತವೆ. ಚಿಕ್ಕಂದಿನಲ್ಲಿ ಭೇದಿ, ಉಬ್ಬಿದ ಹೊಟ್ಟೆ, ಕುಂಠಿತ ಬೆಳವಣಿಗೆ. ಹರೆಯದಲ್ಲಿ ಅದು ಅಡಗಿದಂತೆ ಕಂಡು, ವಾಸಿಯಾಯಿತೆಂದು ಮನೆಯವರು ಮರೆಯುತ್ತಾರೆ. ಮುಂದೆ ಅದೇ ಕಾಯಿಲೆ ರಕ್ತಹೀನತೆಯಾಗಿ, ಮೂಳೆ ಸವೆತವಾಗಿ, ಕೈಕಾಲು ಜೋಮಾಗಿ, ಮೊಣಕೈ ಮೊಣಕಾಲು ಪೃಷ್ಠದ ಮೇಲೆ ಎರಡೂ ಬದಿ ಏಳುವ ಕಡು ತುರಿಕೆಯ ಗುಳ್ಳೆಗಳಾಗಿ ಬರುತ್ತದೆ. ಭೇದಿ ಇರಲೇಬೇಕೆಂದಿಲ್ಲ. ಮಲಬದ್ಧತೆ ಇರುವವರಲ್ಲೂ, ದಪ್ಪಗಿರುವವರಲ್ಲೂ ಇದು ಸಿಗುತ್ತದೆ.

ಬಸಿರಿನಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲದ ಅಗತ್ಯ ಏರುತ್ತದೆ, ಸವೆದ ಕರುಳು ಅದನ್ನು ಪೂರೈಸಲಾರದು. ಮಗುವನ್ನು ಉಳಿಸಿಕೊಳ್ಳಲೆಂದು ಬದಲಾಗಿದ್ದ ರೋಗನಿರೋಧಕ ವ್ಯವಸ್ಥೆ ಹೆರಿಗೆಯಾದ ಮೇಲೆ ಮತ್ತೆ ಚುರುಕಾಗುತ್ತದೆ. ಥೈರಾಯ್ಡ್ ಉರಿಯೂತ, ಕೀಲುವಾತ ಬಾಣಂತನದಲ್ಲಿ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣ. ಸೀಲಿಯಾಕ್ ಸಹ ಕೆಲವರಲ್ಲಿ ಆಗಲೇ ಮೊದಲ ಸಲ ಬಯಲಾಗುತ್ತದೆ. ಪತ್ತೆಯಾಗದೆ ಉಳಿದರೆ ಮುಂದಿನ ಬಸಿರಿನಲ್ಲಿ ಗರ್ಭಪಾತ, ಕಡಿಮೆ ತೂಕದ ಮಗುವಿನ ಅಪಾಯ ಹೆಚ್ಚು.

ಸರ್ಕಾರಿ ಕಾರ್ಯಕ್ರಮದಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡುತ್ತಾರೆ. ಅದನ್ನು ಬಿಡದೆ ತೆಗೆದುಕೊಂಡೂ ರಕ್ತ ಏರದವರಿಗೆ ಜಂತುಹುಳು, ರಕ್ತಸ್ರಾವ, ಥಲಸ್ಸೇಮಿಯಾ ನೋಡುವ ಜೊತೆಗೆ ಆ ಪ್ರತಿಕಾಯವನ್ನು ಅಳೆಯುವ, ಸೀಲಿಯಾಕ್ ಪತ್ತೆಯ ಟಿಟಿಜಿ-ಐಜಿಎ ರಕ್ತಪರೀಕ್ಷೆ ಬರೆಯಬೇಕು. ಐಜಿಎ ಎಂಬ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ಜೊತೆಗೇ ನೋಡಿಸಬೇಕು. ಐಜಿಎ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ‘ಇಲ್ಲ’ ಎಂದೇ ತೋರಿಸುತ್ತದೆ. ಟಿಟಿಜಿ ಹೆಚ್ಚಿದ್ದರೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನ ಎರಡನೇ ಭಾಗದಿಂದ ಕನಿಷ್ಠ 4, ಅದರ ಮೇಲಿನ ಉಬ್ಬು ಭಾಗದಿಂದ 1 ಅಥವಾ 2 ಚೂರು ತೆಗೆಯಬೇಕು. ಹಾನಿ ಅಲ್ಲಲ್ಲಿ ಇರುವುದರಿಂದ ಒಂದೇ ಚೂರು ತೆಗೆದರೆ ತಪ್ಪಿಹೋಗುತ್ತದೆ. ಕಣ್ಣಿಗೆ ಕರುಳು ಸರಿಯಾಗಿಯೇ ಕಾಣಬಹುದು. ‘ಎಂಡೋಸ್ಕೋಪಿ ನಾರ್ಮಲ್’ ಎಂಬ ವರದಿ ಕೈಯಲ್ಲಿದ್ದರೆ ಚೂರು ತೆಗೆದಿದ್ದರೇ ಎಂದು ಕೇಳಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಯಾರೋ ಹೇಳಿದರೆಂದು ಮೊದಲೇ ಗೋಧಿ ಬಿಟ್ಟು, ಎರಡು ತಿಂಗಳ ಮೇಲೆ ಪರೀಕ್ಷೆಗೆ ಹೋಗುತ್ತಾರೆ. ಅಷ್ಟರಲ್ಲಿ ಟಿಟಿಜಿ ಇಳಿದು ಕರುಳು ಮಾಯಲು ತೊಡಗಿರಬಹುದು, ಉತ್ತರ ಸಿಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ ಮೊದಲು ವಂಶವಾಹಿ ಪರೀಕ್ಷೆ ಮಾಡಿಸಬಹುದು. ಅದರಲ್ಲಿ ಈ ಕಾಯಿಲೆಗೆ ಬೇಕಾದ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿ ಬಗೆಗಳು ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲವೆಂದೇ ಬಹುಪಾಲು ಹೇಳಬಹುದು. ಇದ್ದರೆ, ವೈದ್ಯರ ನಿಗಾದಲ್ಲಿ ದಿನಕ್ಕೆ ಒಂದೆರಡು ಚಪಾತಿಯಂತೆ ಕೆಲವು ವಾರ ಮತ್ತೆ ತಿಂದು ಪರೀಕ್ಷಿಸಬೇಕಾಗುತ್ತದೆ. ಬಸುರಿಯರಲ್ಲಿ ಈ ಪ್ರಯೋಗ ಬೇಡ.

ಕಾಯಿಲೆ ಮೊದಲೇ ಗೊತ್ತಿದ್ದು, ಗೋಧಿ, ಬಾರ್ಲಿ, ರೈ ಪೂರ್ತಿ ಬಿಡುವ ಪಥ್ಯದಲ್ಲಿರುವವರಿಗೂ ಒಂದು ಮಾತು. ಮೊದಲು ಗೋಧಿ ತಾಗಿದರೆ ಮೂರು ದಿನ ಭೇದಿ ಆಗುತ್ತಿದ್ದವರಿಗೆ ಹೆರಿಗೆಯ ನಂತರ ವಾಂತಿ, ತಲೆನೋವು, ಬರೀ ಸುಸ್ತು ಬರಬಹುದು, ಏನೂ ಆಗದೆಯೂ ಇರಬಹುದು. ಏನೂ ಆಗಲಿಲ್ಲವೆಂದು ಕರುಳು ಸುಖವಾಗಿದೆ ಎಂದುಕೊಳ್ಳುವಂತಿಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್, ಅಂದರೆ ಒಂದು ಚಪಾತಿಯ ಸುಮಾರು ಅರವತ್ತನೇ ಒಂದು ಪಾಲು, ಬಿಡದೆ ಹೊಟ್ಟೆ ಸೇರಿದರೂ ಕರುಳು ಕೆಡುತ್ತದೆ. ವರ್ಷಕ್ಕೊಮ್ಮೆ ಟಿಟಿಜಿ ನೋಡಿಸಿ. ಸುಸ್ತು, ಎದೆಬಡಿತ, ಕೂದಲುದುರುವಿಕೆ ಹೆಚ್ಚಿದ್ದರೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಸಹ ಮಾಡಿಸಿ, ಇವರಲ್ಲಿ ಥೈರಾಯ್ಡ್ ತೊಂದರೆ ಇತರರಿಗಿಂತ ಹೆಚ್ಚು. ಹಾಲು ಕುಡಿದರೆ ಉಬ್ಬರವಾದರೆ ಅದು ಕರುಳು ಮಾಯುವವರೆಗಿನ ತಾತ್ಕಾಲಿಕ ತೊಂದರೆಯಾಗಿರಬಹುದು.

ಪಥ್ಯದಲ್ಲಿದ್ದೂ ಟಿಟಿಜಿ ಇಳಿಯದಿದ್ದರೆ ಮೊದಲು ಹುಡುಕಬೇಕಾದ್ದು ಕದ್ದು ಸೇರುವ ಗೋಧಿಯನ್ನು. ಬಾಣಂತನದಲ್ಲಿ ಅದು ಪ್ರೀತಿಯಿಂದಲೇ ಸೇರುತ್ತದೆ. ಕಾಲು ಊದಿದೆ ಎಂದು ಬಾರ್ಲಿ ನೀರು, ಶಕ್ತಿ ಬರಲೆಂದು ಗೋಧಿ, ಬಾರ್ಲಿ ಬೆರೆತ ಮಾಲ್ಟ್ ಪುಡಿ, ಗೋಧಿ ರವೆಯ ಗಂಜಿ, ಶಾವಿಗೆ ಪಾಯಸ. ಜವೆ ಗೋಧಿ ಹಳೆಯ ತಳಿ, ಏನೂ ಮಾಡದು ಎನ್ನುವುದು ತಪ್ಪು, ಅದರಲ್ಲೂ ಗ್ಲುಟೆನ್ ಇದೆ. ಅಂಗಡಿಯ ಕೂಟು ಇಂಗಿನ (ಹಿಟ್ಟು ಬೆರೆಸಿದ ಇಂಗಿನ) ಡಬ್ಬಿ ತಿರುಗಿಸಿ ಓದಿದರೆ ಗೋಧಿ ಹಿಟ್ಟು ಅಥವಾ ಮೈದಾ ಕಾಣುವುದು ಸಾಮಾನ್ಯ. ಒಂದು ಚಿಟಿಕೆಯಿಂದ ಹೆಚ್ಚೇನೂ ಬರುವುದಿಲ್ಲ, ಆದರೆ ಸಾರು, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲದರಲ್ಲೂ ಅದೇ ಇಂಗು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಇಲ್ಲವೇ ಬೆಳ್ಳುಳ್ಳಿ ಒಗ್ಗರಣೆ ಸಾಕು. ಹೊರಗೆ ಬೆಣ್ಣೆ ದೋಸೆ ತಿನ್ನುವವರು ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿಯ ಜೊತೆ ಮೈದಾ ಸೇರಿಸುತ್ತಾರೆಯೇ ಎಂದು ಕೇಳಬೇಕು. ಮಿರ್ಚಿ ಕಡಲೆ ಹಿಟ್ಟಿನದೇ ಆದರೂ, ಪೂರಿ ಕರಿದ ಬಾಣಲೆಯದಾದರೆ ಬೇಡ.

ಎಲ್ಲಕ್ಕಿಂತ ಹೆಚ್ಚು ಗಮನಕ್ಕೆ ಬಾರದಿರುವುದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲೂ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲೂ ಹಿಟ್ಟು ಉಳಿಯುತ್ತದೆ. ಮುಂದಿನ ರಾಗಿಗೆ, ಜೋಳಕ್ಕೆ ಅದು ಸೇರುತ್ತದೆ. ಮನೆಯಲ್ಲೇ ಮಿಕ್ಸಿಯಲ್ಲಿ ಬೀಸಿಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಗಿರಣಿಗೇ ಹೋಗುವುದಾದರೆ ಗೋಧಿ ಹಾಕದ ಕಲ್ಲು ಇರುವ ಕಡೆ, ಬೆಳಿಗ್ಗೆ ಮೊದಲಿಗೆ, ಬಟ್ಟೆಯ ತೋಳನ್ನು ಮನೆಯಿಂದ ಒಯ್ದು ಬೀಸಿಸಿ. ಮೊದಲು ಬಿದ್ದ ಒಂದೆರಡು ಕಿಲೋ ಹಿಟ್ಟು ಮನೆಯ ಉಳಿದವರಿಗಿರಲಿ. ರಾಗಿ, ನವಣೆ, ಸಾಮೆ ಬೆಳೆಯುವ ಚಿತ್ರದುರ್ಗ, ಭತ್ತ, ಮೆಕ್ಕೆಜೋಳ ಬೆಳೆಯುವ ದಾವಣಗೆರೆಯಲ್ಲಿ ಈ ಪಥ್ಯಕ್ಕೆ ದುಬಾರಿ ಪೊಟ್ಟಣ ಬೇಕಿಲ್ಲ, ಗೋಧಿ ಬೆರೆಯದ ಹಿಟ್ಟು ಬೇಕು. ವಾರಕ್ಕೆ ಒಂದು ಬೆಳಿಗ್ಗೆ ಗೋಧಿ ಮುಟ್ಟದೆ ಬೀಸಿಕೊಡಲು ಗಿರಣಿ ಮಾಲೀಕರು ಮುಂದೆ ಬರಬೇಕೆಂದು ಕೋರುತ್ತೇವೆ.

ತಾಯಿಗೆ ಸೀಲಿಯಾಕ್ ಇದೆಯೆಂದು ಎದೆಹಾಲು ನಿಲ್ಲಿಸಬೇಡಿ, ಅದರಿಂದ ಕಾಯಿಲೆ ಅಂಟುವುದಿಲ್ಲ. ಆದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುವ ಸಾಧ್ಯತೆ ಇರುವುದರಿಂದ, ತೊಂದರೆ ಕಾಣದಿದ್ದರೂ ಅವರಿಗೂ ಒಮ್ಮೆ ಟಿಟಿಜಿ ಮಾಡಿಸಬೇಕು. ಮಗುವಿಗಾದರೆ ಗೋಧಿ ತಿನ್ನಲು ತೊಡಗಿ, ಎರಡು ಮೂರು ವರ್ಷ ತುಂಬಿದ ಮೇಲೆ.

— ಪಥ್ಯಾಹಾರ ತಜ್ಞರು, ವಿದ್ಯಾನಗರ, ದಾವಣಗೆರೆ